ಸತ್ತ ಯಂತ್ರಗಳಿಗೂ ಸದ್ಗತಿ ಬೇಡವೆ?

ಯಂತ್ರವೊಂದನ್ನು ಕೊಳ್ಳುವಾಗ ನಾವು ತೋರುವ ಉತ್ಸಾಹದಲ್ಲಿ ನೂರರಲ್ಲೊಂದು ಪಾಲನ್ನಾದರೂ ಅದು ಕೆಟ್ಟುಹೋದ ಮೇಲೆ ತೋರುವುದಿಲ್ಲ. ಹೊಸದು ಮನೆಗೆ ಬಂದ ದಿನ ಅರಿಸಿನ ಕುಂಕುಮವೇನು, ಹೂವೇನು, ಊದುಬತ್ತಿಯೇನು! ವರ್ಷವರ್ಷವೂ ಆಯುಧಪೂಜೆಯಂದು ಅದರ ಮುಂದೆ ಬೂದುಗುಂಬಳಕಾಯಿ ಒಡೆಯುತ್ತೇವೆ. ಒಂದು ದಿನ ಮೋಟಾರು ಸುಟ್ಟು ಹೊಗೆ ಬಂದಿತೆಂದರೆ ಮುಗಿಯಿತು. ಆ ದೇವತೆ ಹಿತ್ತಿಲ ಮೂಲೆಗೆ ಬಿದ್ದು, ಮಳೆಯಲ್ಲಿ ನೆನೆದು, ಕೋಳಿಗಳು ಮೊಟ್ಟೆಯಿಡುವ ತಾಣವಾಗುತ್ತದೆ. ಪೂಜಿಸುವುದನ್ನು ಕಲಿತ ನಾವು ಬೀಳ್ಕೊಡುವುದನ್ನು ಕಲಿಯಲಿಲ್ಲ. ತೋಟದ ಕೆಲಸಕ್ಕೆ ಬಳಸುವ ವಿದ್ಯುತ್ ಯಂತ್ರಗಳ ಅಂತ್ಯಕಾಲವನ್ನು ಕುರಿತು ನಾಲ್ಕು ಮಾತು ಬರೆಯಹೊರಟಿದ್ದೇನೆ. ಕಾವ್ಯ, ಇತಿಹಾಸ, ರಾಜಕೀಯಗಳಿಗೆ ಮೀಸಲಾದ ಈ ಸಂಚಿಕೆಯಲ್ಲಿ ಇದೆಂಥ ವಿಷಯ ಎಂದು ವಾಚಕರು ಮುಗುಳ್ನಗಬಹುದು. ನಗಲಿ, ಆದರೆ ನಕ್ಕಮೇಲೆ ಕೊನೆಯವರೆಗೆ ಓದಲಿ ಎಂಬುದೊಂದೇ ನನ್ನ ಬಿನ್ನಹ.

ಹುಲ್ಲು ಕತ್ತರಿಸುವ ಯಂತ್ರ ನಮ್ಮ ನೆಲದಲ್ಲಿ ಹುಟ್ಟಿದುದಲ್ಲ. ಇಂಗ್ಲೆಂಡಿನ ಸ್ಟ್ರೌಡ್ ಎಂಬ ಊರಿನ ಬಳಿ ಎಡ್ವಿನ್ ಬಡ್ಡಿಂಗ್ ಎಂಬಾತ, ಬಟ್ಟೆಯ ಗಿರಣಿಯಲ್ಲಿ ಉಣ್ಣೆಬಟ್ಟೆಯ ಮೇಲಿನ ನವಿರನ್ನು ಸಮನಾಗಿ ಸವರುತ್ತಿದ್ದ ಯಂತ್ರವನ್ನು ಕಂಡು, ಹುಲ್ಲನ್ನೂ ಹೀಗೆಯೇ ಸವರಬಹುದಲ್ಲವೆ ಎಂದು ಯೋಚಿಸಿದನು. 1830ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಆ ಯಂತ್ರ ಬಂಗಲೆಗಳೊಂದಿಗೂ ಹುಲ್ಲುಹಾಸುಗಳೊಂದಿಗೂ ನಮ್ಮಲ್ಲಿಗೆ ಬಂದಿತು. ಇಂದು ಅದರ ಬಂಧುಬಳಗ ದೊಡ್ಡದಾಗಿದೆ. ಕಾಲೇಜು, ಕಚೇರಿ, ಉದ್ಯಾನಗಳಲ್ಲಿ ಹುಲ್ಲು ಕತ್ತರಿಸುವ ಮೋಟಾರುಗಳು; ಬೇಲಿಗಿಡ ಸವರುವ ಯಂತ್ರಗಳು; ಅಡಿಕೆ, ತೆಂಗು, ಬಾಳೆಯ ತೋಟಗಳಲ್ಲಿ ಕಳೆ ಕೊಚ್ಚುವ ಯಂತ್ರಗಳು; ರೈತನ ಬೆನ್ನ ಮೇಲೆ ಔಷಧಿ ಸಿಂಪಡಿಸುವ ಬ್ಯಾಟರಿ ಪಂಪುಗಳು; ಕೊಟ್ಟಿಗೆಯಲ್ಲಿ ಮೇವು ಕತ್ತರಿಸುವ ಯಂತ್ರ; ಬಾವಿಯ ಬಳಿ ನೀರೆತ್ತುವ ಮೋಟಾರು. ಕೆಲವು ಎಣ್ಣೆಯಿಂದ ನಡೆಯುತ್ತವೆ, ಅವುಗಳ ಮಾತು ಬೇರೆ. ವಿದ್ಯುತ್ತಿನಿಂದ ನಡೆಯುವುವೇ ದಿನದಿನಕ್ಕೆ ಹೆಚ್ಚುತ್ತಿವೆ. ಕೂಲಿಯಾಳು ಸಿಕ್ಕದ ಈ ಕಾಲದಲ್ಲಿ ಹೆಚ್ಚುವುದು ಸಹಜವೇ. ಹೆಚ್ಚಿದ ಪ್ರತಿಯೊಂದು ಯಂತ್ರವೂ ಇನ್ನೈದು ಹತ್ತು ವರ್ಷಗಳಲ್ಲಿ ಸಾಯತಕ್ಕದ್ದೇ.

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬುದು ನಮ್ಮ ಗಾದೆ. ಈ ಯಂತ್ರಗಳ ವಿಷಯದಲ್ಲಿ ಗಾದೆ ಅಕ್ಷರಶಃ ನಿಜ. ಹುಲ್ಲು ಕತ್ತರಿಸುವ ಹಳೆಯ ಯಂತ್ರವೊಂದನ್ನು ಬಿಚ್ಚಿ ನೋಡಿರಿ: ಮೋಟಾರಿನ ಸುರುಳಿಯಲ್ಲಿ ತಾಮ್ರ; ಸುರುಳಿಯನ್ನು ಹಿಡಿದ ತೆಳುತಗಡುಗಳಲ್ಲಿ ಉತ್ತಮ ಜಾತಿಯ ಉಕ್ಕು; ಮೈಗವಚದಲ್ಲಿ ಅಲ್ಯೂಮಿನಿಯಂ ಅಥವಾ ಬೀಡುಕಬ್ಬಿಣ; ಬೇರಿಂಗುಗಳು, ಅಲಗು, ತಂತಿ, ಪ್ಲಾಸ್ಟಿಕ್ಕು. ತಾಮ್ರವನ್ನು ಎಷ್ಟು ಬಾರಿ ಕರಗಿಸಿ ಶುದ್ಧಿಮಾಡಿದರೂ ಅದರ ಗುಣ ಕೆಡುವುದಿಲ್ಲ. ಅದಿರಿನಿಂದ ಅಲ್ಯೂಮಿನಿಯಂ ತೆಗೆಯಲು ತಗಲುವ ಶಕ್ತಿಯಲ್ಲಿ ಸುಮಾರು ನೂರಕ್ಕೆ ಐದು ಪಾಲು ಇದ್ದರೆ ಸಾಕು, ಹಳೆಯದನ್ನು ಕರಗಿಸಿ ಹೊಸದು ಮಾಡಿಕೊಳ್ಳಬಹುದು. ನಮ್ಮ ಚಿತ್ರದುರ್ಗದ ಬಳಿಯ ಇಂಗಳದಾಳಿನಲ್ಲಿ ಒಂದು ಕಾಲಕ್ಕೆ ತಾಮ್ರದ ಗಣಿ ನಡೆಯುತ್ತಿತ್ತು, ಇಂದು ಅದಿಲ್ಲ. ತೂತ್ತುಕುಡಿಯ ದೊಡ್ಡ ತಾಮ್ರದ ಕಾರ್ಖಾನೆ 2018ರಲ್ಲಿ ಮುಚ್ಚಿದ ಮೇಲೆ, ಅದುವರೆಗೆ ತಾಮ್ರವನ್ನು ಹೊರದೇಶಗಳಿಗೆ ಮಾರುತ್ತಿದ್ದ ನಾಡು ಕೊಳ್ಳುವ ನಾಡಾಯಿತು. ಹೊರಗಿನಿಂದ ಹಣಕೊಟ್ಟು ತರಿಸುವ ಲೋಹವನ್ನು ಹಿತ್ತಿಲಲ್ಲಿ ತುಕ್ಕು ಹಿಡಿಸುವುದು ಯಾವ ಅರ್ಥಶಾಸ್ತ್ರ?

ಸಂಪತ್ತಿನ ಮಾತಾಯಿತು, ಇನ್ನು ವಿಷದ ಮಾತು. ಬೆನ್ನಿಗೆ ಹಾಕಿಕೊಳ್ಳುವ ಔಷಧಿ ಪಂಪಿನಲ್ಲಿ ಹೆಚ್ಚಾಗಿ 12 ವೋಲ್ಟಿನ ಸೀಸದ ಬ್ಯಾಟರಿ ಇರುತ್ತದೆ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ, ಉಳಿದುದರಲ್ಲಿ ಗಂಧಕಾಮ್ಲ. ಅದನ್ನು ಕಲ್ಲಿನಿಂದ ಒಡೆದು ಆಮ್ಲವನ್ನು ಚರಂಡಿಗೆ ಸುರಿದು, ಸೀಸವನ್ನು ಬಾಣಲೆಯಲ್ಲಿ ಕರಗಿಸಿದರೆ ಅದರ ಧೂಳೂ ಹೊಗೆಯೂ ಮಣ್ಣಿಗಿಳಿದು, ಮಣ್ಣಿನಲ್ಲಿ ಆಡುವ ಮಗುವಿನ ಬಾಯಿಗೆ ಸೇರುತ್ತವೆ. ಸೀಸವು ಮಕ್ಕಳ ಬುದ್ಧಿಯನ್ನು ಕುಂದಿಸುತ್ತದೆ. ಇಷ್ಟು ಸೇರಿದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜಗತ್ತಿನ ಮಕ್ಕಳಲ್ಲಿ ಮೂವರಿಗೊಬ್ಬರ, ಎಂದರೆ ಸುಮಾರು 80 ಕೋಟಿ ಮಕ್ಕಳ, ರಕ್ತದಲ್ಲಿ ಆತಂಕಪಡುವಷ್ಟು ಸೀಸವಿದೆಯೆಂದು ಯುನಿಸೆಫ್ 2020ರಲ್ಲಿ ವರದಿ ಮಾಡಿತು. ಹಳೆಯ ಬ್ಯಾಟರಿಗಳನ್ನು ಅಡ್ಡಾದಿಡ್ಡಿಯಾಗಿ ಕರಗಿಸುವುದು ಅದರ ಮುಖ್ಯ ಕಾರಣಗಳಲ್ಲೊಂದು. ಹೊಸ ಯಂತ್ರಗಳಲ್ಲಿ ಲಿಥಿಯಂ ಬ್ಯಾಟರಿ ಬಂದಿದೆ. ಅದನ್ನು ಜಜ್ಜಿದರೆ ಬೆಂಕಿಯೇ ಹೊತ್ತೀತು. ತಂತಿಯ ಮೇಲಿನ ಪಿ.ವಿ.ಸಿ. ಹೊದಿಕೆಯನ್ನು ಸುಟ್ಟರೆ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತದೆ. ಇವೆಲ್ಲಕ್ಕೂ ಮಿಗಿಲಾಗಿ, ಔಷಧಿ ಪಂಪಿನ ತೊಟ್ಟಿಯಲ್ಲಿ ಕೀಟನಾಶಕದ ಶೇಷ ಅಂಟಿಕೊಂಡಿರುತ್ತದೆ. ಆ ತೊಟ್ಟಿ ಗಟ್ಟಿಯಾಗಿದೆಯೆಂದು ನೀರು ತುಂಬಿಡಲು ಬಳಸುವವರನ್ನು ನಾನು ಹಳ್ಳಿಗಳಲ್ಲಿ ಕಂಡಿದ್ದೇನೆ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯ ಮಾತು, ಸಾಯದ ಯಂತ್ರವನ್ನು ಸತ್ತಿತೆಂದು ಸಾರಬಾರದು. ನಮ್ಮ ಹೋಬಳಿ ಪಟ್ಟಣಗಳಲ್ಲೆಲ್ಲ ಮೋಟಾರು ವೈಂಡಿಂಗ್ ಅಂಗಡಿಗಳಿವೆ. ಸುಟ್ಟ ಸುರುಳಿಯನ್ನು ಕಿತ್ತು, ಹೊಸ ತಾಮ್ರದ ತಂತಿಯನ್ನು ಸುತ್ತುಸುತ್ತು ಎಣಿಸಿ ಸುತ್ತಿ, ವಾರ್ನಿಷ್ ಹಾಕಿ ಮರಳಿ ಜೀವ ಕೊಡುವ ಆ ಕುಶಲಿಗಳನ್ನು ಯಾವ ವಿಶ್ವವಿದ್ಯಾನಿಲಯವೂ ಗೌರವಿಸಿಲ್ಲ. ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿದ್ದ ಎನ್.ಜಿ.ಇ.ಎಫ್. ಕಾರ್ಖಾನೆ ಮುಚ್ಚಿ ವರ್ಷಗಳಾದರೂ ಅಲ್ಲಿ ತಯಾರಾದ ಮೋಟಾರುಗಳನ್ನು ಇವರ ಕೈಗುಣ ಇನ್ನೂ ಓಡಿಸುತ್ತಿದೆ. ಆದರೆ ಇಲ್ಲೊಂದು ಎಚ್ಚರಿಕೆಯುಂಟು. ಹಳೆಯ ಸುರುಳಿ ಸುಲಭವಾಗಿ ಬಿಡಲೆಂದು ಮೋಟಾರನ್ನು ಬಯಲು ಬೆಂಕಿಯಲ್ಲಿ ಕಾಯಿಸುವ ಪದ್ಧತಿಯಿದೆ. ಅತಿಯಾಗಿ ಕಾದರೆ ಒಳಗಿನ ಉಕ್ಕಿನ ತಗಡುಗಳ ನಡುವಣ ನಿರೋಧಕ ಲೇಪ ಸುಟ್ಟುಹೋಗುತ್ತದೆ. ಆಮೇಲೆ ಅದೇ ಕೆಲಸಕ್ಕೆ ಮೋಟಾರು ಹೆಚ್ಚು ವಿದ್ಯುತ್ತನ್ನು ತಿನ್ನುತ್ತದೆ. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ 2008ರಿಂದ ವಿದ್ಯುತ್ತು ಉಚಿತವಾದುದರಿಂದ ಆ ಹೆಚ್ಚಳ ರೈತನ ಗಮನಕ್ಕೆ ಬರುವುದೇ ಇಲ್ಲ. ಬಿಲ್ಲು ಬಾರದಿದ್ದರೂ ಬೆಲೆ ಇದ್ದೇ ಇದೆ; ಅದನ್ನು ಇಡೀ ನಾಡು ತೆರುತ್ತದೆ. ವೈಂಡಿಂಗ್ ಮಾಡುವವರಿಗೆ ಉಷ್ಣವನ್ನು ಹತೋಟಿಯಲ್ಲಿಡುವ ಒಂದು ಒಲೆಯನ್ನೂ ಒಂದಿಷ್ಟು ತರಬೇತಿಯನ್ನೂ ಕೊಡಿಸಿದರೆ ಅದು ಎಷ್ಟೋ ದೊಡ್ಡ ಯೋಜನೆಗಳಿಗಿಂತ ಲಾಭಕರವಾದೀತು.

ಎರಡನೆಯ ಮಾತು, ನಿಜವಾಗಿಯೂ ಸತ್ತುದನ್ನು ಸರಿಯಾದ ಕೈಗೆ ಒಪ್ಪಿಸಬೇಕು. ಇದಕ್ಕೆ ಕಾನೂನು ಇಲ್ಲದೆ ಇಲ್ಲ. ನಮ್ಮ ದೇಶದ ವಿದ್ಯುನ್ಮಾನ ತ್ಯಾಜ್ಯದ ಮೊದಲ ನಿಯಮಗಳು 2011ರಲ್ಲಿ ಹೊರಟು ಮರುವರ್ಷ ಜಾರಿಗೆ ಬಂದವು. 2016ರಲ್ಲಿ ಅವು ತಿದ್ದುಪಡಿಗೊಂಡಾಗಲೂ ಪಟ್ಟಿಯಲ್ಲಿದ್ದುವು 21 ಬಗೆಯ ಸಾಮಗ್ರಿಗಳು ಮಾತ್ರ: ಗಣಕಯಂತ್ರ, ದೂರವಾಣಿ, ದೂರದರ್ಶನ, ತಂಗಳುಪೆಟ್ಟಿಗೆ ಇತ್ಯಾದಿ. ಪೇಟೆಯ ಮನೆಯ ನಡುಕೋಣೆ ಮಾತ್ರ ಶಾಸನಕ್ಕೆ ಕಂಡಿತು, ತೋಟ ಕಾಣಲಿಲ್ಲ. 2022ರ ನವೆಂಬರಿನಲ್ಲಿ ಪ್ರಕಟವಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ನಿಯಮಗಳಲ್ಲಿ ಪಟ್ಟಿ 106ಕ್ಕೆ ಬೆಳೆದಿದೆ. ಹುಲ್ಲು ಕತ್ತರಿಸುವ ಮತ್ತು ಇತರ ತೋಟಗಾರಿಕೆಯ ವಿದ್ಯುತ್ ಉಪಕರಣಗಳಿಗೂ ಅದರಲ್ಲಿ ಸ್ಥಾನ ದೊರೆತಿದೆ. ತಯಾರಕರು ಹಿಂದೆ ಮಾರಿದ ಸರಕು ಆಯುಸ್ಸು ತೀರಿಸಿದಾಗ ಅದರಲ್ಲಿ ಗೊತ್ತಾದ ಪಾಲನ್ನು ಮರುಬಳಕೆಗೆ ತರಿಸಲೇಬೇಕು: 2023-24 ಮತ್ತು 2024-25ಕ್ಕೆ ನೂರಕ್ಕೆ 60, ಅನಂತರದ ಎರಡು ವರ್ಷಗಳಿಗೆ 70, 2027-28ರಿಂದ 80. ನೋಂದಾಯಿತ ಮರುಬಳಕೆಗಾರರು ಕೊಡುವ ಪ್ರಮಾಣಪತ್ರವನ್ನು ತಯಾರಕರು ಕೊಂಡು ಲೆಕ್ಕ ಒಪ್ಪಿಸಬೇಕು. ಬ್ಯಾಟರಿಗಳಿಗೂ 2022ರಲ್ಲಿಯೇ ಪ್ರತ್ಯೇಕ ನಿಯಮಗಳು ಬಂದಿವೆ. ಕಾಗದದ ಮೇಲೆ ಇದೊಂದು ಸುಂದರವಾದ ವ್ಯವಸ್ಥೆಯೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಕಾಗದಕ್ಕೂ ಹಿತ್ತಿಲಿಗೂ ನಡುವೆ ಒಂದು ದಾರಿಯಿದೆ. ಆ ದಾರಿಯಲ್ಲಿ ಸೈಕಲ್ಲು ತುಳಿದುಕೊಂಡು ಬರುವವನು ಗುಜರಿಯವನು. ‘ಹಳೇ ಕಬ್ಬಿಣಾ, ಹಳೇ ತಾಮ್ರಾ’ ಎಂದು ಕೂಗುತ್ತ, ಈರುಳ್ಳಿ ಬೆಳ್ಳುಳ್ಳಿಗೋ ಪ್ಲಾಸ್ಟಿಕ್ ಬಕೆಟ್ಟಿಗೋ ವಿನಿಮಯ ಮಾಡಿಕೊಳ್ಳುತ್ತ ಬೀದಿ ಬೀದಿ ಅಲೆಯುವ ಇವನಿಲ್ಲದೆ ಯಾವ ಯಂತ್ರವೂ ಕಾರ್ಖಾನೆಯ ಬಾಗಿಲನ್ನು ಮುಟ್ಟಲಾರದು. ಹೊಸ ನಿಯಮಗಳು ನೋಂದಣಿಗೆ ಕರೆದಿರುವುದು ನಾಲ್ವರನ್ನು: ಉಪಕರಣ ತಯಾರಿಸುವವರು, ಅದನ್ನು ತಮ್ಮ ಹೆಸರಿನಲ್ಲಿ ಮಾರುವವರು, ದುರಸ್ತಿ ಮಾಡಿ ಮರುಮಾರುವವರು, ಮರುಬಳಕೆಗಾರರು. ಸಂಗ್ರಹಿಸುವವನ ಹೆಸರು ಅಲ್ಲಿಲ್ಲ. ಕಾರ್ಮಿಕರನ್ನು ಗುರುತಿಸಿ, ನೋಂದಾಯಿಸಿ, ಸಂಘಗಳನ್ನು ಕಟ್ಟಿಸಿ, ಕೌಶಲ ಕಲಿಸಬೇಕೆಂದು ರಾಜ್ಯದ ಕಾರ್ಮಿಕ ಇಲಾಖೆಗೆ ಅದೇ ನಿಯಮಗಳು ಹೇಳುತ್ತವೆ, ನಿಜ. ಆದರೆ ನಮ್ಮ ತಾಲ್ಲೂಕಿನ ಗುಜರಿಯವರಲ್ಲಿ ಅಂಥ ಚೀಟಿ ಪಡೆದವರನ್ನು ನಾನು ಈವರೆಗೆ ಕಂಡಿಲ್ಲ. ಅಡಿಗೆಯವನನ್ನು ಬಿಟ್ಟು ಮದುವೆಯ ಲಗ್ನಪತ್ರಿಕೆ ಬರೆದಂತಾಯಿತು.

ಈ ಮಾತನ್ನು ನಾನು ಪುಸ್ತಕದಿಂದ ತೆಗೆದು ಬರೆಯುತ್ತಿಲ್ಲ. ನನ್ನ ಸೋದರಮಾವ ಇಪ್ಪತ್ತು ವರ್ಷಗಳಿಂದ ಗುಜರಿ ವ್ಯಾಪಾರ ಮಾಡಿಕೊಂಡು ಬಂದವರು. ಸಂಜೆ ಕೆರೆಯ ಏರಿಯ ಹಿಂದೆ ತಂತಿಗಳನ್ನು ರಾಶಿ ಹಾಕಿ ಸುಡುತ್ತಾರೆ. ಹೊದಿಕೆಯಿರುವ ತಂತಿಗೆ ದಲ್ಲಾಳಿ ಕೊಡುವ ಬೆಲೆಗೂ ಸುಟ್ಟು ತೆಗೆದ ತಾಮ್ರಕ್ಕೆ ಕೊಡುವ ಬೆಲೆಗೂ ಇರುವ ಅಂತರವೇ ಅವರ ದಿನದ ಕೂಲಿ. ಆ ಹೊಗೆ ಕೆಟ್ಟದ್ದೆಂದು ನಾನು ಹೇಳಿದಾಗ ಅವರು ಕೋಪಿಸಿಕೊಳ್ಳಲಿಲ್ಲ. ‘ಅದು ನಂಗೂ ಗೊತ್ತು ಕಣಪ್ಪ. ಸುಡ್ದೆ ಸುಲಿಯೋ ಮಿಷನ್ನು ಇದ್ರೆ ಕೊಡ್ಸು, ನಾಳೆಯಿಂದ್ಲೇ ಬೆಂಕಿ ಹಚ್ಚೋದು ಬಿಡ್ತೀನಿ’ ಎಂದರು. ತಂತಿಯ ಹೊದಿಕೆಯನ್ನು ಸುಲಿಯುವ ಯಂತ್ರವೇನೂ ಅಪೂರ್ವ ವಸ್ತುವಲ್ಲ. ಕೈಯಲ್ಲಿ ತಿರುಗಿಸುವ ಸಣ್ಣವೂ ಉಂಟು. ಆದರೆ ಅದಕ್ಕಾಗಿ ಸಾಲ ಕೇಳಲು ಹೋದರೆ ಅಂಗಡಿಯ ಪರವಾನಗಿ ತೋರಿಸು ಎನ್ನುತ್ತಾರೆ. ಸೈಕಲ್ಲಿಗೆ ಯಾವ ಪರವಾನಗಿ? ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಈ ಮೂರು ವರ್ಷಗಳ ನನ್ನ ಪುಸ್ತಕ, ಬಸ್ಸಿನ ಪಾಸು, ಪರೀಕ್ಷೆಯ ಶುಲ್ಕಗಳಲ್ಲಿ ದೊಡ್ಡ ಪಾಲು ಬಂದದ್ದು ಆ ಸುಟ್ಟ ತಾಮ್ರದಿಂದಲೇ. ಆದುದರಿಂದ ಗುಜರಿಯವರನ್ನು ಪರಿಸರದ ಶತ್ರುಗಳೆಂದು ಹಳಿಯುವ ಭಾಷಣವನ್ನು ಕೇಳಿದಾಗ ನನಗೆ ಚಪ್ಪಾಳೆ ತಟ್ಟಲು ಕೈ ಬರುವುದಿಲ್ಲ. ಆ ಹೊಗೆ ಇರಲಿ ಬಿಡಿ, ಬಡವರ ಹೊಟ್ಟೆಪಾಡು ಎನ್ನುವ ಮಾತಿಗೂ ತಲೆದೂಗಲಾರೆ. ಆ ಹೊಗೆಯನ್ನು ಎಲ್ಲರಿಗಿಂತ ಮೊದಲು ಕುಡಿಯುವವರು ಆ ಬಡವರೇ.

ನಮ್ಮ ಅರ್ಥಶಾಸ್ತ್ರದ ತರಗತಿಯಲ್ಲಿ ಪೀಗೂ ಎಂಬ ಪಂಡಿತನ ಹೆಸರು ಬರುತ್ತದೆ. ಕಾರ್ಖಾನೆಯ ಹೊಗೆಯಿಂದ ನೆರೆಯವನ ಬಟ್ಟೆ ಕೊಳೆಯಾದರೆ ಆ ನಷ್ಟ ಕಾರ್ಖಾನೆಯ ಲೆಕ್ಕದಲ್ಲಿ ಸೇರುವುದಿಲ್ಲ, ಸಮಾಜ ಅದನ್ನು ಹೊರುತ್ತದೆ ಎಂಬ ವಿಚಾರವನ್ನು ಅವನು 1920ರ ಗ್ರಂಥದಲ್ಲಿ ಚರ್ಚಿಸಿದನೆಂದು ನಾವು ಟಿಪ್ಪಣಿ ಬರೆದುಕೊಂಡು ಐದು ಅಂಕ ಗಳಿಸುತ್ತೇವೆ. ಅದೇ ವಿಚಾರ ಕೆರೆಯ ಏರಿಯ ಹಿಂದೆ ಪ್ರತಿ ಸಂಜೆ ಹೊತ್ತಿ ಉರಿಯುತ್ತಿರುವಾಗ ನಮಗೆ ಕಾಣುವುದಿಲ್ಲ. ಸರಿಯಾದ ಬೆಲೆ ಕೊಟ್ಟು ತಂತಿಯನ್ನು ಹೊದಿಕೆಸಹಿತ ಕೊಳ್ಳುವವರು ಹತ್ತಿರದಲ್ಲಿದ್ದರೆ ಸುಡುವ ಅಗತ್ಯವೇ ಬೀಳದು. ಇದಕ್ಕೆ ಒಂದು ನಿದರ್ಶನ ನಮ್ಮ ಕಣ್ಣೆದುರಿಗಿದೆ. ಮನೆಯ ಇನ್ವರ್ಟರಿನ ಅಥವಾ ವಾಹನದ ಹಳೆಯ ಬ್ಯಾಟರಿಯನ್ನು ಅಂಗಡಿಗೆ ಹಿಂದಿರುಗಿಸಿದರೆ ಹೊಸದರ ಬೆಲೆಯಲ್ಲಿ ಕಡಿತ ಸಿಕ್ಕುತ್ತದೆ. ಅದಕ್ಕಾಗಿ ಯಾರೂ ಅದನ್ನು ತಿಪ್ಪೆಗೆ ಎಸೆಯುವುದಿಲ್ಲ. ಹುಲ್ಲು ಕತ್ತರಿಸುವ ಯಂತ್ರಕ್ಕೂ ಔಷಧಿ ಪಂಪಿಗೂ ಅಂಥದೇ ಕಡಿತವನ್ನು ಮಾರಾಟದ ಅಂಗಡಿಯಲ್ಲಿಯೇ ಕೊಡುವಂತಾಗಲಿ. ಹೇಗೂ ಪ್ರಮಾಣಪತ್ರಕ್ಕೆ ಹಣ ತೆರಬೇಕಾದ ಕಂಪನಿಗಳು ಅದರಲ್ಲೊಂದು ಪಾಲನ್ನು ಹಳ್ಳಿಯವರೆಗೆ ಹರಿಸಿದರೆ ನಷ್ಟವೇನು?

ಇದಕ್ಕೆ ಕೆಲವರು ಮೂರು ಬಗೆಯ ಆಕ್ಷೇಪಗಳನ್ನು ಎತ್ತುವುದುಂಟು. ಇಂಥ ಯಂತ್ರಗಳನ್ನೇ ಬಿಟ್ಟು ಕುಡುಗೋಲು ಹಿಡಿಯಬಾರದೆ ಎಂಬುದು ಮೊದಲನೆಯದು. ನೆರಳಿನಲ್ಲಿ ಕುಳಿತು ಹೀಗೆನ್ನುವವರು ಜೂನ್ ತಿಂಗಳ ಮಳೆಯಲ್ಲಿ ಒಂದು ದಿನ ಅಡಿಕೆ ತೋಟದ ಕಳೆ ಸವರಿ ನೋಡಲಿ. ಮೈಮುರಿಯುವ ಕೆಲಸವನ್ನು ಹಗುರಮಾಡಿದ ಯಂತ್ರವನ್ನು ನಾನು ದೂಷಿಸಲಾರೆ. ಇದೆಲ್ಲ ಮುಂದುವರಿದ ದೇಶಗಳ ಚಿಂತೆ ಎಂಬುದು ಎರಡನೆಯದು. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ನು ವಿದ್ಯುನ್ಮಾನ ತ್ಯಾಜ್ಯ ಹುಟ್ಟಿತೆಂದೂ ಅದರಲ್ಲಿ ಲೆಕ್ಕಕ್ಕೆ ಸಿಕ್ಕಿ ಸರಿಯಾಗಿ ಮರುಬಳಕೆಯಾದುದು ನೂರಕ್ಕೆ 22.3 ಪಾಲು ಮಾತ್ರವೆಂದೂ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ 2024ರ ವರದಿ ಹೇಳುತ್ತದೆ. ಮುಂದುವರಿದವರು ಇನ್ನೂ ಪಾಠ ಕಲಿತಿಲ್ಲ. ಮೊದಲು ಕಲಿತು ತೋರಿಸಲು ನಮಗೇನು ಅಡ್ಡಿ? ಬೆಂಗಳೂರಿನ ಬಳಿಯ ದಾಬಸ್‌ಪೇಟೆಯಲ್ಲಿ 2005ರಲ್ಲಿ ಆರಂಭವಾದ ಇ-ಪರಿಸರ ಎಂಬ ಘಟಕವು ಸರಕಾರದ ಅನುಮತಿ ಪಡೆದು ವಿದ್ಯುನ್ಮಾನ ತ್ಯಾಜ್ಯವನ್ನು ಸಂಸ್ಕರಿಸತೊಡಗಿದ ದೇಶದ ಮೊದಲ ಘಟಕವೆಂದು ಹೆಸರಾಗಿದೆ. ದಾರಿ ತೋರಿದವರು ಕನ್ನಡ ನಾಡಿನಲ್ಲಿಯೇ ಇದ್ದಾರೆ. ಮೂರನೆಯ ಆಕ್ಷೇಪ, ಇದು ಸರಕಾರದ ಕೆಲಸ, ನಮಗೇಕೆ ಎಂಬುದು. ಇದಕ್ಕೆ ಉತ್ತರವನ್ನು ನಮ್ಮ ಕಾಲೇಜಿನ ಆವರಣದಲ್ಲಿಯೇ ಕೊಡಬೇಕಾಗಿದೆ.

ನಮ್ಮ ಕ್ರೀಡಾ ಕೊಠಡಿಯ ಹಿಂದೆ ಹುಲ್ಲು ಕತ್ತರಿಸುವ ಎರಡು ಯಂತ್ರಗಳು, ಒಂದು ನೀರಿನ ಮೋಟಾರು, ಎಣಿಸಲಾರದಷ್ಟು ಪಂಖಗಳು ಬಿದ್ದಿರುವುದನ್ನು ನೋಡದ ವಿದ್ಯಾರ್ಥಿ ಇಲ್ಲ. ಅವು ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಇನ್ನೂ ಬದುಕಿವೆ. ಸರಕಾರೀ ವಸ್ತುವನ್ನು ಕಂಡೆಮ್ ಮಾಡಿಸಿ ಹರಾಜು ಹಾಕಲು ಸಮಿತಿ ಬೇಕು, ವರದಿ ಬೇಕು, ಅನುಮತಿ ಬೇಕು. ಆ ಶಿಸ್ತನ್ನು ನಾನು ಅಲ್ಲಗಳೆಯುವುದಿಲ್ಲ. ಸಾರ್ವಜನಿಕರ ಹಣಕ್ಕೆ ಲೆಕ್ಕ ಇರಲೇಬೇಕು. ಆದರೆ ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ಕೊಟ್ಟು ಕೈತೊಳೆದುಕೊಂಡರೆ ಆ ಯಂತ್ರ ಮತ್ತೆ ಯಾವುದೋ ಕೆರೆಯ ಏರಿಯ ಹಿಂದೆ ಉರಿಯುತ್ತದೆ. ವರ್ಷವೊಂದರಲ್ಲಿ ಒಂದು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ವಿದ್ಯುತ್ ಉಪಕರಣಗಳನ್ನು ಬಳಸುವ ಸಂಸ್ಥೆಗಳು ತಮ್ಮ ತ್ಯಾಜ್ಯವನ್ನು ನೋಂದಾಯಿತರಿಗೇ ಒಪ್ಪಿಸಬೇಕೆಂದು ನಿಯಮ ಹೇಳುತ್ತದೆ. ನಮ್ಮಂಥ ಸಣ್ಣ ಕಾಲೇಜು ಬಹುಶಃ ಆ ಎಣಿಕೆಗೆ ಬರಲಾರದು. ಬರದಿದ್ದರೇನು? ಕಾನೂನು ಕೇಳದಿದ್ದರೂ ಮಾಡುವ ಒಳ್ಳೆಯ ಕೆಲಸಕ್ಕೆ ತಾನೆ ಸಂಸ್ಕೃತಿಯೆಂದು ಹೆಸರು?

ಆದುದರಿಂದ ನನ್ನ ಸೂಚನೆ ಇಷ್ಟು. ಪ್ರತಿವರ್ಷ ಆಯುಧಪೂಜೆಗೆ ಮುಂಚಿನ ವಾರ, ಎಲ್ಲರೂ ಮನೆಯ ಯಂತ್ರಗಳನ್ನು ತೊಳೆದು ಬಳಿದು ಇಡುವ ಹೊತ್ತಿನಲ್ಲಿ, ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಘಟಕವು ಸುತ್ತಲಿನ ಹಳ್ಳಿಗಳಿಂದ ಸತ್ತ ಯಂತ್ರಗಳನ್ನು ಒಂದೆಡೆ ಕೂಡಿಸಲಿ. ಊರಿನ ವೈಂಡಿಂಗ್ ಅಂಗಡಿಯವರನ್ನು ಕರೆದು ದುರಸ್ತಿಯಾಗುವುದನ್ನು ಬೇರ್ಪಡಿಸಲಿ. ಔಷಧಿ ಪಂಪುಗಳನ್ನು ತರುವ ಮುನ್ನ ಬಾವಿ ಕೆರೆಗಳಿಂದ ದೂರದಲ್ಲಿ ಮೂರು ಬಾರಿ ತೊಳೆಯಬೇಕೆಂದೂ, ಬ್ಯಾಟರಿಗಳನ್ನು ಒಡೆಯದೆ ಹಾಗೆಯೇ ತರಬೇಕೆಂದೂ ಮೊದಲೇ ತಿಳಿಸಲಿ. ತೂಗಿ, ಬೆಲೆ ಕಟ್ಟಿ, ಸಾಗಿಸುವ ಕೆಲಸವನ್ನು ನಮ್ಮ ಊರಿನ ಗುಜರಿಯವರಿಗೇ ಕೂಲಿಕೊಟ್ಟು ಒಪ್ಪಿಸಲಿ. ಈ ವಿದ್ಯೆಯಲ್ಲಿ ಅವರಷ್ಟು ಬಲ್ಲವರು ನಮ್ಮಲ್ಲಿ ಯಾರೂ ಇಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಮರುಬಳಕೆಗಾರರನ್ನು ಪ್ರಾಂಶುಪಾಲರ ಪತ್ರವೊಂದು ಕರೆಸಿಕೊಂಡೀತು. ಒಬ್ಬೊಬ್ಬನ ಸೈಕಲ್ಲಿಗೆ ಅವರು ಬರಲಾರರು; ಒಂದು ಲಾರಿಯ ತುಂಬ ಸರಕು ಇದ್ದರೆ ಬಂದಾರು. ಆ ಹಣದಲ್ಲಿ ತಂತಿ ಸುಲಿಯುವ ಯಂತ್ರವೊಂದನ್ನು ಕೊಂಡು ಗುಜರಿಯವರ ಗುಂಪಿಗೆ ಕೊಡೋಣ. ಅವರಿಗೆ ನೋಂದಣಿಯ ಅರ್ಜಿ ಬರೆದುಕೊಡುವುದು ನಮ್ಮಂಥ ಕಲಾ ವಿದ್ಯಾರ್ಥಿಗಳ ಪಾಲಿನ ಕೆಲಸ. ಬಿ.ಎ. ಓದಿದವನಿಗೆ ಏನು ಬರುತ್ತದೆ ಎಂದು ಜನ ಕೇಳುತ್ತಾರಲ್ಲ, ಅರ್ಜಿ ಬರೆಯಲು ಬರುತ್ತದೆ ಎಂದಾದರೂ ತೋರಿಸೋಣ.

ಮುಂದಿನ ವರ್ಷ ಈ ಸಂಚಿಕೆ ಅಚ್ಚಾಗುವ ಹೊತ್ತಿಗೆ ನಾನು ಈ ಕಾಲೇಜಿನಲ್ಲಿ ಇರುವುದಿಲ್ಲ. ಕ್ರೀಡಾ ಕೊಠಡಿಯ ಹಿಂದಿನ ಜಾಗ ಅಷ್ಟರಲ್ಲಿ ತೆರವಾಗಿ ಅಲ್ಲಿ ನಾಲ್ಕು ಹೊಂಗೆಯ ಸಸಿಗಳು ಚಿಗುರಿದ್ದರೆ ಕಿರಿಯ ಮಿತ್ರರು ಒಂದು ಕಾಗದ ಬರೆದು ತಿಳಿಸಬೇಕು. ತೆರವಾಗದೆ ಹಾಗೆಯೇ ಇದ್ದರೂ ಬರೆಯಬೇಕು. ಅರ್ಜಿ ಹಿಡಿದು ನಾನೇ ಬರುತ್ತೇನೆ.